ಬಟ್ಟೆಯ ತಪ್ಪಿಗೆ ಪಾಠ ಕಿತ್ತುಕೊಳ್ಳಬೇಡಿ

ಯೂನಿಫಾರ್ಮೇ ಬೇಡ ಅನ್ನುವವರ ಸಾಲಿನಲ್ಲಿ ನಾನಿಲ್ಲ. ಯಾರ ಮನೆಯಲ್ಲಿ ಎಷ್ಟು ದುಡ್ಡಿದೆ ಅಂತ ಅಂಗಿ ನೋಡಿ ಅಳೆಯುವ ಕಾಟ ಅದರಿಂದ ಎಷ್ಟೋ ತಪ್ಪುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಏನು ಹಾಕಿಕೊಳ್ಳಲಿ ಅನ್ನುವ ಗಲಾಟೆ ಇಲ್ಲ. ಹೊರಗೆ ಕರೆದುಕೊಂಡು ಹೋದಾಗ ಜನರ ಮಧ್ಯೆ ನಮ್ಮ ಮಕ್ಕಳು ಯಾರು ಅಂತ ಥಟ್ಟನೆ ಗೊತ್ತಾಗುತ್ತದೆ. ಕೆಲವು ವರ್ಷ ಪಾಠ ಮಾಡಿದ್ದೇನೆ, ಈಗ ಶಾಲೆಗೆ ಹೋಗುವ ಮಗಳ ತಾಯಿ. ಈ ಉಪಯೋಗಗಳನ್ನೆಲ್ಲ ಎರಡೂ ಕಡೆಯಿಂದ ನೋಡಿದ್ದೇನೆ.

ನನ್ನ ತಕರಾರು ಇರುವುದು ಯೂನಿಫಾರ್ಮಿನ ಸುತ್ತ ಬೆಳೆದುಕೊಂಡ ನಿಯಮಗಳ ಬಗ್ಗೆ. ಕತ್ತಿನ ಗುಂಡಿ ಹಾಕಿರಲೇಬೇಕು. ಸಾಕ್ಸ್ ಮೊಣಕಾಲಿನವರೆಗೆ ಎಳೆದಿರಬೇಕು. ಟೈ ಸಡಿಲ ಮಾಡುವಂತಿಲ್ಲ. ಸ್ವೆಟರ್ ಶಾಲೆಯದ್ದೇ ಆಗಬೇಕು, ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುವಂತಿಲ್ಲ. ಬೂಟು ಪೂರ್ತಿ ಕಪ್ಪಗಿರಬೇಕು, ಅಂಚಿನಲ್ಲಿ ಬಿಳಿ ಗೆರೆ ಕಂಡರೂ ನಡೆಯುವುದಿಲ್ಲ. ಒಂದೊಂದನ್ನೇ ಬಿಡಿಸಿ ಕೇಳಿದರೆ ಇದರಲ್ಲೇನಿದೆ ಮಹಾ ಅನ್ನಿಸಬಹುದು. ಆದರೆ ಇವೆಲ್ಲ ಸೇರಿ ಒಂದು ಮಗುವಿನ ಮೈಮೇಲೆ ದಿನಕ್ಕೆ ಆರೇಳು ಗಂಟೆ ಇರುತ್ತವೆ. ಸೆಖೆಗೆ ಬೆವರಿದಾಗಲೂ ಇರುತ್ತವೆ. ಮಳೆಯಲ್ಲಿ ನೆನೆದು ಬಂದು ಬೆಂಚಿನ ಮೇಲೆ ಕೂತಾಗಲೂ ಇರುತ್ತವೆ.

ಹೊಸ ಯೂನಿಫಾರ್ಮ್ ಹೇಗೆ ಆಯ್ಕೆ ಆಗುತ್ತದೆ ಅಂತ ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಹ್ಯಾಂಗರ್‌ನಲ್ಲಿ ನೇತು ಹಾಕಿದ ಸ್ಯಾಂಪಲ್ ಬಂತು. ಬಣ್ಣ ಚೆನ್ನಾಗಿದೆಯಾ, ಲೋಗೋ ಎದ್ದು ಕಾಣುತ್ತದಾ, ಬೇರೆ ಶಾಲೆಯ ಬಣ್ಣಕ್ಕೆ ಹೋಲುತ್ತಾ, ಇಷ್ಟೇ ಚರ್ಚೆ. ಇದನ್ನು ಹಾಕಿಕೊಂಡು ಕೈ ಮೇಲೆತ್ತಲು ಆಗುತ್ತಾ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಬರುತ್ತಾ, ಐದು ವರ್ಷದ ಮಗು ಶೌಚಾಲಯದಲ್ಲಿ ಒಬ್ಬನೇ ಬಿಚ್ಚಿಕೊಳ್ಳಬಲ್ಲನಾ ಅಂತ ಯಾರೂ ಕೇಳಲಿಲ್ಲ. ಹಾಕಿಕೊಳ್ಳಬೇಕಾದವರು ಆ ಕೋಣೆಯಲ್ಲಿ ಇರಲೂ ಇಲ್ಲ.

ಬಟ್ಟೆಯ ವಿಷಯವನ್ನೇ ತೆಗೆದುಕೊಳ್ಳಿ. ಯೂನಿಫಾರ್ಮ್ ಬಟ್ಟೆಯಲ್ಲಿ ಪಾಲಿಯೆಸ್ಟರ್ ಜಾಸ್ತಿ ಇರುತ್ತದೆ. ಕಾರಣ ಇದೆ. ಬೇಗ ಒಣಗುತ್ತದೆ, ಸುಕ್ಕಾಗುವುದಿಲ್ಲ, ಬಣ್ಣ ಹೋಗುವುದಿಲ್ಲ, ಬಹಳ ದಿನ ಬಾಳಿಕೆ ಬರುತ್ತದೆ. ದಿನಾ ಒಗೆಯುವ ತಾಯಂದಿರಿಗೂ ಅದು ಅನುಕೂಲವೇ. ಆದರೆ ಅದಕ್ಕೆ ನೀರು ಹೀರುವ ಗುಣ ಇಲ್ಲ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ. 7ರಿಂದ 8ರಷ್ಟು ತೇವವನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಶೇ. ಅರ್ಧದಷ್ಟನ್ನೂ ಹಿಡಿಯುವುದಿಲ್ಲ. ದಪ್ಪಗೆ, ಒತ್ತಾಗಿ ನೇಯ್ದ ಅಂಥ ಬಟ್ಟೆಯ ಒಳಗೆ ಬೆವರು ಮೈಗೇ ಅಂಟಿಕೊಂಡು ಉಳಿಯುತ್ತದೆ. ಕಂಕುಳಲ್ಲಿ, ಸೊಂಟದ ಪಟ್ಟಿಯ ಕೆಳಗೆ, ತೊಡೆಯ ಸಂದಿಯಲ್ಲಿ ಉಜ್ಜಿ ಉಜ್ಜಿ ಕೆಂಪಾಗುತ್ತದೆ. ಎಷ್ಟೋ ಮಕ್ಕಳು ನಾಚಿಕೆಗೆ ಇದನ್ನು ಮನೆಯಲ್ಲೂ ಹೇಳುವುದಿಲ್ಲ.

ಮಕ್ಕಳ ಮೈ ದೊಡ್ಡವರ ಮೈಯ ಸಣ್ಣ ಅಳತೆ ಅಲ್ಲ ಅನ್ನುವುದನ್ನೂ ನೆನಪಿಡಬೇಕು. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ಜಾಸ್ತಿ. ದೊಡ್ಡವರಷ್ಟು ಅವರು ಬೆವರುವುದಿಲ್ಲ. ಆದ್ದರಿಂದ ಸುಡುಬಿಸಿಲಲ್ಲಿ ಹೊರಗಿನ ಬಿಸಿ ಅವರ ಮೈಗೆ ಬೇಗ ಇಳಿಯುತ್ತದೆ. ಅಂಥ ಮಗುವಿಗೆ ಕತ್ತಿನ ಗುಂಡಿ ಬಿಚ್ಚಬೇಡ ಅಂತ ಹೇಳುತ್ತೇವೆ. ಅದೇ ಹೊತ್ತಿಗೆ ಹೇಳುವ ನಾವು ಫ್ಯಾನಿನ ಕೆಳಗೆ ತೋಳು ಮಡಚಿಕೊಂಡು ಕೂತಿರುತ್ತೇವೆ.

ಟೈ ಬಗ್ಗೆ ಒಂದು ಮಾತು. 2018ರಲ್ಲಿ ಜರ್ಮನಿಯ ಸಂಶೋಧಕರು ಟೈ ಬಿಗಿಯಾಗಿ ಕಟ್ಟಿಕೊಂಡ ಗಂಡಸರ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದರು. ಮೆದುಳಿಗೆ ಹೋಗುವ ರಕ್ತ ಸರಾಸರಿ ಶೇ. 7.5ರಷ್ಟು ಕಡಿಮೆಯಾಗಿತ್ತು. ಅದು ಕೆಲವೇ ಜನರ ಮೇಲೆ, ಅದೂ ದೊಡ್ಡವರ ಮೇಲೆ ಮಾಡಿದ ಪರೀಕ್ಷೆ. ಮಕ್ಕಳಿಗೆ ಅಪಾಯ ಇದೆ ಅಂತ ಇದರಿಂದ ಹೇಳಲು ಬರುವುದಿಲ್ಲ, ನಾನು ಹೇಳುವುದೂ ಇಲ್ಲ. ಆದರೆ ಕತ್ತು ಬಿಗಿಯುತ್ತದೆ ಅಂತ ಮಗು ಹೇಳಿದರೆ ನಾಟಕ ಮಾಡಬೇಡ ಅನ್ನುವ ಮೊದಲು ಒಂದು ಕ್ಷಣ ಯೋಚಿಸಬಹುದಲ್ವಾ?

ಇಂಗ್ಲೆಂಡಿನ ಎಕ್ಸಿಟರ್ ಊರಿನಲ್ಲಿ 2017ರ ಜೂನ್‌ನಲ್ಲಿ ಒಳ್ಳೇ ಸೆಖೆ. ಅಲ್ಲಿನ ಇಸ್ಕಾ ಅಕಾಡೆಮಿಯ ಹುಡುಗರು ಚಡ್ಡಿ ಹಾಕಿಕೊಂಡು ಬರಲು ಅನುಮತಿ ಕೇಳಿದರು. ಯೂನಿಫಾರ್ಮಿನಲ್ಲಿ ಚಡ್ಡಿ ಇಲ್ಲ, ಆಗುವುದಿಲ್ಲ ಅಂದರು. ಆದರೆ ಸ್ಕರ್ಟ್ ಯೂನಿಫಾರ್ಮಿನಲ್ಲಿ ಇತ್ತು. ಹತ್ತಾರು ಹುಡುಗರು ಸ್ಕರ್ಟ್ ಹಾಕಿಕೊಂಡೇ ಬಂದರು. ನಗಾಡುತ್ತ, ಆದರೆ ನಿಯಮದ ಒಂದಕ್ಷರವನ್ನೂ ಮೀರದೆ. ಮುಂದಿನ ವರ್ಷದಿಂದ ಚಡ್ಡಿಗೂ ಅವಕಾಶ ಕೊಡುವುದಾಗಿ ಶಾಲೆ ಹೇಳಿತು. ನನಗೆ ಆ ಹುಡುಗರ ಬಗ್ಗೆ ತುಂಬಾ ಗೌರವ. ಅವರು ಕೇಳಿದ್ದು ಫ್ಯಾಷನ್ ಅಲ್ಲ, ಕಾಲಿಗೆ ಒಂಚೂರು ಗಾಳಿ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನನಗೆ ಸುಮ್ನೆ ಇರಲು ಆಗುವುದೇ ಇಲ್ಲ.

ಸ್ಕರ್ಟ್ ಹಾಕಿದ ಹುಡುಗಿ ಹೇಗೆ ಕೂರುತ್ತಾಳೆ ಗಮನಿಸಿ. ಮೊದಲು ಎರಡೂ ಕೈಯಿಂದ ಹಿಂದುಗಡೆ ಸರಿಮಾಡಿಕೊಳ್ಳುತ್ತಾಳೆ. ಕಾಲು ಜೋಡಿಸುತ್ತಾಳೆ. ಗಾಳಿ ಬಂದರೆ ಒಂದು ಕೈ ಅಲ್ಲೇ. ಮೆಟ್ಟಿಲು ಹತ್ತುವಾಗ ಹಿಂದೆ ಯಾರು ಬರುತ್ತಿದ್ದಾರೆ ಅಂತ ನೋಡುತ್ತಾಳೆ. ಆಟದ ಮೈದಾನದಲ್ಲಿ ಕಂಬಿಗೆ ಜೋತುಬೀಳುವ ಆಸೆ ಇದ್ದರೂ ಜೋತುಬೀಳುವುದಿಲ್ಲ. ಪಕ್ಕದಲ್ಲೇ ಅವಳ ವಯಸ್ಸಿನ ಹುಡುಗ ಇದ್ಯಾವ ಯೋಚನೆಯೂ ಇಲ್ಲದೆ ಓಡಿಕೊಂಡಿರುತ್ತಾನೆ. ಒಂದೇ ಶಾಲೆ, ಒಂದೇ ಆಟದ ಬೆಲ್ಲು. ಅವಳ ಗಮನದಲ್ಲಿ ಒಂದು ಪಾಲು ಸದಾ ಬಟ್ಟೆಯ ಮೇಲೇ ಇರುತ್ತದೆ.

ಇದು ನನ್ನೊಬ್ಬಳ ಅನಿಸಿಕೆ ಅಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ನಡೆದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. 135 ದೇಶಗಳ, 5ರಿಂದ 17 ವರ್ಷದ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿ ಅದರಲ್ಲಿದೆ. ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಇರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಮಟ್ಟ ಮುಟ್ಟುವುದರಲ್ಲಿ ಒಟ್ಟಾರೆ ಹುಡುಗಿಯರೇ ಹಿಂದೆ. ಪ್ರಾಥಮಿಕ ಶಾಲೆಗಳಲ್ಲಿ ಯೂನಿಫಾರ್ಮ್ ಅಷ್ಟಾಗಿ ಇಲ್ಲದ ದೇಶಗಳಲ್ಲಿ ಹುಡುಗ ಹುಡುಗಿಯರ ನಡುವಿನ ಅಂತರ ಶೇಕಡಾವಾರು ಲೆಕ್ಕದಲ್ಲಿ 5.5 ಅಂಶ. ಹೆಚ್ಚಿನ ಶಾಲೆಗಳಲ್ಲಿ ಯೂನಿಫಾರ್ಮ್ ಇರುವ ದೇಶಗಳಲ್ಲಿ ಅದು 9.8. ಯೂನಿಫಾರ್ಮೇ ಇದಕ್ಕೆ ಕಾರಣ ಅಂತ ಸಾಬೀತಾಗಿದೆ ಎಂದು ಸಂಶೋಧಕರು ಹೇಳಿಲ್ಲ. ಆದರೆ ಮೈದಾನದ ಅಂಚಿನಲ್ಲಿ ನಿಂತು ನೋಡಿದವರಿಗೆ ಈ ಅಂಕಿ ಆಶ್ಚರ್ಯ ಅನ್ನಿಸುವುದಿಲ್ಲ.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಚಾರ್ಟರ್ ಡೇ ಅನ್ನುವ ಶಾಲೆ ಇದೆ. ಹುಡುಗಿಯರು ಸ್ಕರ್ಟನ್ನೇ ಹಾಕಬೇಕು ಅನ್ನುವುದು ಅಲ್ಲಿನ ನಿಯಮವಾಗಿತ್ತು. ಕೆಲವು ವಿದ್ಯಾರ್ಥಿನಿಯರ ಪರವಾಗಿ 2016ರಲ್ಲಿ ಕೇಸು ಹಾಕಿದರು. ಮಕ್ಕಳು ಕೋರ್ಟಿಗೆ ಹೇಳಿಕೊಂಡ ಕಷ್ಟ ನಾನು ಮೇಲೆ ಬರೆದಂಥದ್ದೇ. ಕೂರುವಾಗ ಹೆದರಿಕೆ, ಆಡಲು ಸಂಕೋಚ, ಚಳಿಗಾಲದಲ್ಲಿ ಕಾಲಿಗೆ ಚಳಿ. ಈ ನಿಯಮ ಸಂವಿಧಾನದ ಸಮಾನತೆಗೆ ವಿರುದ್ಧ ಅಂತ 2022ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಪ್ಯಾಂಟು ಹಾಕಿಕೊಳ್ಳಲು ಆರು ವರ್ಷದ ಕೋರ್ಟು ಕಚೇರಿ! ಆಸ್ಟ್ರೇಲಿಯಾದಲ್ಲಿ ಅಷ್ಟು ಕಷ್ಟ ಬೀಳಬೇಕಾಗಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2017ರಲ್ಲಿ 11 ವರ್ಷದ ಹುಡುಗಿಯೊಬ್ಬಳು ಶಿಕ್ಷಣ ಸಚಿವೆಗೆ ಪತ್ರ ಬರೆದಳು. ಸರ್ಕಾರಿ ಶಾಲೆಗಳ ನಿಯಮವೇ ಬದಲಾಯಿತು, ಹುಡುಗಿಯರೂ ಚಡ್ಡಿ, ಪ್ಯಾಂಟು ಹಾಕಬಹುದು ಅಂತ. ಸ್ಕರ್ಟ್ ಇಷ್ಟ ಇರುವವರಿಗೆ ಸ್ಕರ್ಟ್ ಇದ್ದೇ ಇದೆ. ಯಾರಿಗೂ ಏನೂ ನಷ್ಟ ಆಗಲಿಲ್ಲ.

ಇನ್ನು ಮುಟ್ಟಿನ ದಿನಗಳು. ತೆಳು ಬಣ್ಣದ ಬಟ್ಟೆ ಹಾಕಿ ಆರೇಳು ಗಂಟೆ ಬೆಂಚಿನ ಮೇಲೆ ಕೂರುವ ಹುಡುಗಿಯ ತಲೆಯಲ್ಲಿ ಪಾಠ ಎಷ್ಟು ಹೋಗುತ್ತದೆ, ಕಲೆಯ ಭಯ ಎಷ್ಟು ತುಂಬಿರುತ್ತದೆ? ನನ್ನ ಮಗಳು ಅಂಥ ಒಂದು ದಿನ ಸ್ವೆಟರ್ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಕಾರಿಡಾರಿನಲ್ಲಿ ನಿಲ್ಲಿಸಿ ಬಿಚ್ಚಲು ಹೇಳಿದರು. ಯಾಕೆ ಕಟ್ಟಿಕೊಂಡಿದ್ದೇನೆ ಅಂತ ಅಷ್ಟು ಜನರ ಮುಂದೆ ಅವಳು ಹೇಳಲಾರಳು. ಬಿಚ್ಚಲೂ ಆರಳು. ಮನೆಗೆ ಬಂದು ಅವಳು ಅತ್ತದ್ದು ಬೈದದ್ದಕ್ಕಲ್ಲ. ಹೇಳಿದವರೂ ಒಬ್ಬ ಹೆಂಗಸು, ಅವರಿಗೂ ಹೊಳೆಯಲಿಲ್ಲವಲ್ಲ ಅಂತ.

ವಿಂಬಲ್ಡನ್ ಟೆನಿಸ್‌ನಲ್ಲಿ ಮೇಲಿಂದ ಕೆಳಗಿನವರೆಗೆ ಬಿಳಿ ಬಟ್ಟೆಯನ್ನೇ ಹಾಕಬೇಕು ಅನ್ನುವ ಕಟ್ಟುನಿಟ್ಟು ಎಷ್ಟು ಹಳೆಯದು ಅಂತ ಎಲ್ಲರಿಗೂ ಗೊತ್ತು. ಅವರೇ 2023ರಿಂದ ಆಟಗಾರ್ತಿಯರು ಸ್ಕರ್ಟಿನ ಒಳಗೆ ಗಾಢ ಬಣ್ಣದ ಚಡ್ಡಿ ಹಾಕಬಹುದು ಅಂತ ನಿಯಮ ಸಡಿಲ ಮಾಡಿದರು. ಮುಟ್ಟಿನ ಆತಂಕ ಕಡಿಮೆಯಾಗಲಿ ಅಂತಲೇ. ಜಗತ್ತಿನ ದೊಡ್ಡ ದೊಡ್ಡ ಆಟಗಾರ್ತಿಯರಿಗೇ ಇದು ಬೇಕಿತ್ತು ಅಂದಮೇಲೆ ಹನ್ನೆರಡು ವರ್ಷದ ಹುಡುಗಿಗೆ ಬೇಡವಾ? ಹಾಗೇ ಒಂದು ಜೇಬು. ಹುಡುಗಿಯರ ಯೂನಿಫಾರ್ಮಿನಲ್ಲಿ ಎಷ್ಟೋ ಕಡೆ ಜೇಬೇ ಇರುವುದಿಲ್ಲ. ಪ್ಯಾಡ್ ತೆಗೆದುಕೊಂಡು ಹೋಗಬೇಕು ಅಂದರೆ ಇಡೀ ಕ್ಲಾಸು ನೋಡುವಂತೆ ಬ್ಯಾಗು ತೆರೆಯಬೇಕು. ಜೇಬು ಹೊಲಿಯಲು ಎಷ್ಟು ಬಟ್ಟೆ ಬೇಕು?

ಕೆಲವು ಮಕ್ಕಳಿಗೆ ಕಾಲರಿನ ಲೇಬಲ್ ಕೂಡ ತಡೆಯಲು ಆಗುವುದಿಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಹೊಲಿಗೆಯ ಅಂಚು, ಸಾಕ್ಸಿನ ಬಿಗಿ ಇಡೀ ದಿನ ಹಿಂಸೆ ಕೊಡುತ್ತದೆ. ಎಕ್ಸಿಮಾ, ಅಂದರೆ ಚರ್ಮ ಒಣಗಿ ತುರಿಸುವ ಕಾಯಿಲೆ, ಇರುವ ಮಗುವಿಗೆ ಒರಟು ಉಣ್ಣೆ, ಬೆವರು ಎರಡೂ ಶತ್ರು. ಅಂಥವರಿಗೆ ಡಾಕ್ಟರ ಚೀಟಿ ತಂದರೆ ವಿನಾಯಿತಿ ಕೊಡುವ ಶಾಲೆಗಳಿವೆ, ಒಳ್ಳೆಯದು. ಆದರೆ ಚೀಟಿ ತರಲಾರದ, ತನಗೆ ಏನಾಗುತ್ತಿದೆ ಅಂತ ಬಾಯಿಬಿಟ್ಟು ಹೇಳಲು ಬಾರದ ಮಕ್ಕಳೂ ಅದೇ ಕ್ಲಾಸಿನಲ್ಲಿ ಇರುತ್ತಾರೆ.

ಇಷ್ಟೆಲ್ಲ ಹೇಳಿದಾಗ ಬರುವ ಉತ್ತರ ಒಂದೇ: ಶಿಸ್ತು. ಸಡಿಲ ಬಿಟ್ಟರೆ ಮಕ್ಕಳು ಕೈತಪ್ಪುತ್ತಾರೆ ಅಂತ. ಇದನ್ನು ಪರೀಕ್ಷೆ ಮಾಡಿದವರಿದ್ದಾರೆ. ಅಮೆರಿಕದ ಬ್ರನ್ಸ್‌ಮಾ ಮತ್ತು ರಾಕ್‌ಕ್ವೆಮೋರ್ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು 1998ರಲ್ಲಿ ದೊಡ್ಡ ಸಂಖ್ಯೆಯ ಹೈಸ್ಕೂಲು ವಿದ್ಯಾರ್ಥಿಗಳ ಮಾಹಿತಿ ಜಾಲಾಡಿದರು. ಯೂನಿಫಾರ್ಮಿನಿಂದ ನಡತೆಯಲ್ಲಾಗಲಿ, ಹಾಜರಾತಿಯಲ್ಲಾಗಲಿ ನೇರ ಪರಿಣಾಮ ಅವರಿಗೆ ಕಾಣಲಿಲ್ಲ. ಯೂನಿಫಾರ್ಮ್ ಇರುವುದರಿಂದಲೇ ನಡತೆ ಸುಧಾರಿಸುವುದು ಕಾಣಲಿಲ್ಲ ಅಂದಮೇಲೆ, ಸಾಕ್ಸ್ ಎರಡು ಇಂಚು ಕೆಳಗಿಳಿದದ್ದರಿಂದ ಶಿಸ್ತು ಕುಸಿಯುತ್ತದೆ ಅಂತ ಹೇಗೆ ನಂಬಲಿ?

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಶಿಕ್ಷೆಯ ರೀತಿ. ತಪ್ಪು ಬಣ್ಣದ ಸಾಕ್ಸ್ ಹಾಕಿದ್ದಕ್ಕೆ ಮೊದಲ ಪೀರಿಯಡ್ ಹೊರಗೆ ನಿಂತ ಮಕ್ಕಳನ್ನು ನಾನು ಕಂಡಿದ್ದೇನೆ. ಭಿನ್ನರಾಶಿಯ ಪಾಠ ಶುರುವಾದ ದಿನ ಹೊರಗೆ ನಿಂತ ಹುಡುಗ ಆ ಗಣಿತವನ್ನು ಹಿಡಿಯಲು ಎಷ್ಟು ಒದ್ದಾಡಿದ ಅಂತಲೂ ಕಂಡಿದ್ದೇನೆ. ಅವನ ಮನೆಯಲ್ಲಿ ಇದ್ದದ್ದು ಒಂದೇ ಜೊತೆ, ಅದು ಒಣಗಿರಲಿಲ್ಲ. ಜಪಾನಿನ ಒಸಾಕಾದಲ್ಲಿ ಹುಟ್ಟಿನಿಂದಲೇ ಕಂದು ಕೂದಲು ಎಂದು ಹೇಳಿದ ಹೈಸ್ಕೂಲು ಹುಡುಗಿಗೆ, ಕಪ್ಪು ಬಣ್ಣ ಹಾಕಿಕೊಂಡೇ ಬಾ ಅಂತ ಮತ್ತೆ ಮತ್ತೆ ಒತ್ತಾಯ ಮಾಡಿದರು. ಅವಳು ಶಾಲೆಗೆ ಹೋಗುವುದನ್ನೇ ಬಿಟ್ಟಳು. ಶಾಲೆಯವರು ಹಾಜರಿ ಪಟ್ಟಿಯಿಂದ ಅವಳ ಹೆಸರು ತೆಗೆದರು, ಕ್ಲಾಸಿನಿಂದ ಅವಳ ಮೇಜನ್ನೂ ತೆಗೆದರು. 2021ರಲ್ಲಿ ಕೋರ್ಟು ನಿಯಮವನ್ನು ತಪ್ಪು ಅನ್ನಲಿಲ್ಲ. ಆದರೆ ಹೆಸರು, ಮೇಜು ತೆಗೆದದ್ದಕ್ಕೆ 3,30,000 ಯೆನ್ ಪರಿಹಾರ ಕೊಡಿಸಿತು. ಮಾರನೇ ವರ್ಷ ಟೋಕಿಯೊದ ಸರ್ಕಾರಿ ಹೈಸ್ಕೂಲುಗಳು ಕೂದಲ ಬಣ್ಣದ ನಿಯಮವನ್ನೂ ಒಳ ಉಡುಪು ಇಂಥ ಬಣ್ಣದ್ದೇ ಇರಬೇಕು ಅನ್ನುವ ನಿಯಮವನ್ನೂ ಕೈಬಿಟ್ಟವು. ಒಳ ಉಡುಪಿನ ಬಣ್ಣ! ಅದನ್ನು ಪರೀಕ್ಷೆ ಮಾಡುವುದಾದರೂ ಹೇಗೆ, ಯೋಚಿಸಿ.

ಕೀನ್ಯಾದಲ್ಲಿ ಬಡ ಮಕ್ಕಳಿಗೆ ಉಚಿತವಾಗಿ ಯೂನಿಫಾರ್ಮ್ ಕೊಟ್ಟಾಗ ಗೈರುಹಾಜರಿ ಕಡಿಮೆಯಾಯಿತು ಅಂತ ಅರ್ಥಶಾಸ್ತ್ರಜ್ಞರ ಅಧ್ಯಯನ ಹೇಳುತ್ತದೆ. ಅಂದರೆ ಅದೇ ಬಟ್ಟೆ ಮಗುವನ್ನು ಶಾಲೆಯ ಒಳಗೆ ಕರೆಯಲೂಬಹುದು, ಗೇಟಿನಿಂದ ಹಿಂದೆ ಕಳಿಸಲೂಬಹುದು. ಎರಡರಲ್ಲಿ ಯಾವುದಾಗಬೇಕು ಅನ್ನುವುದು ಶಾಲೆಯವರ ಕೈಯಲ್ಲಿದೆ.

ಬಣ್ಣ ಶಾಲೆಯೇ ನಿರ್ಧರಿಸಲಿ. ಅದರೊಳಗೆ ಚಡ್ಡಿ, ಪ್ಯಾಂಟು, ಸ್ಕರ್ಟ್ ಯಾವುದನ್ನಾದರೂ ಯಾರಾದರೂ ಆರಿಸಿಕೊಳ್ಳಲಿ. ಸೆಖೆಯ ತಿಂಗಳುಗಳಲ್ಲಿ ಟೈ, ಕೋಟು ಮನೆಯಲ್ಲೇ ಇರಲಿ. ಕಾಲಿಗೆ ಹಿಡಿಸುವ ಬೂಟು ಯಾವುದಾದರೇನು? ಬಟ್ಟೆಯಲ್ಲಿ ಏನಾದರೂ ತಪ್ಪಿದ್ದರೆ ಮನೆಗೆ ಒಂದು ಚೀಟಿ ಕಳಿಸಿ, ಮಗುವನ್ನು ಮಾತ್ರ ಕ್ಲಾಸಿನ ಒಳಗೆ ಕೂರಿಸಿ.

ಮುಂದಿನ ಸಲ ನಿಮ್ಮ ಮಕ್ಕಳ ಶಾಲೆಯಲ್ಲಿ ಹೊಸ ಯೂನಿಫಾರ್ಮಿನ ಮಾತು ಬಂದರೆ ದಯವಿಟ್ಟು ಸುಮ್ಮನೆ ತಲೆ ಆಡಿಸಿ ಬರಬೇಡಿ. ಆರ್ಡರ್ ಕೊಡುವ ಮೊದಲು ಬೇರೆ ಬೇರೆ ಕ್ಲಾಸಿನ ನಾಲ್ಕೈದು ಮಕ್ಕಳು ಆ ಸ್ಯಾಂಪಲ್ ಹಾಕಿಕೊಂಡು ಒಂದು ಇಡೀ ದಿನ, ಆಟದ ಪೀರಿಯಡ್ಡೂ ಸೇರಿ, ಕಳೆಯಲಿ ಅಂತ ಕೇಳಿ. ಸಂಜೆ ಅವರು ಹೇಳುವುದನ್ನು ಬರೆದುಕೊಂಡು ಆಮೇಲೆ ಮೀಟಿಂಗ್ ಮುಂದುವರಿಸಲಿ.