ಕುದುರೆಯ ಮದ್ದಿಗೆ ಉತ್ತರ ಹೇಳಬೇಕಾದವರು ಯಾರು?

ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ಗೆ ಬಂದ ಹೊಸದರಲ್ಲಿ ಕೀನ್‌ಲ್ಯಾಂಡ್ ಮೈದಾನದ ರೇಸ್ ಪುಸ್ತಕವನ್ನು ತಿರುವುತ್ತಿದ್ದಾಗ, ಹೆಚ್ಚುಕಡಿಮೆ ಎಲ್ಲ ಕುದುರೆಗಳ ಹೆಸರಿನ ಬಳಿಯೂ ‘ಎಲ್’ ಎಂಬ ಅಕ್ಷರ ಅಚ್ಚಾಗಿರುವುದನ್ನು ಕಂಡು, ಅದು ತೂಕಕ್ಕೋ ವಯಸ್ಸಿಗೋ ಸಂಬಂಧಿಸಿದ ಗುರುತು ಇರಬೇಕೆಂದುಕೊಂಡಿದ್ದೆ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಅದು ಲಾಸಿಕ್ಸ್ ಎಂದರು. ಕಾಲು ಬಾತುಕೊಂಡಾಗಲೆಲ್ಲ ನಮ್ಮ ಅಜ್ಜನಿಗೆ ಡಾಕ್ಟರು ಬರೆದುಕೊಡುತ್ತಿದ್ದುದು ಅದೇ ಮದ್ದು. ಯಾವುದಾದರೂ ಕುದುರೆಗೆ ಮೊದಲ ಸಲ ಲಾಸಿಕ್ಸ್ ಕೊಡುತ್ತಿದ್ದರೆ ಅದಕ್ಕೆ ಬೇರೆಯೇ ಗುರುತು ಇರುತ್ತದೆಂದೂ, ಅಂಥ ಕುದುರೆಯ ಮೇಲೆ ಹಣ ಕಟ್ಟುವುದು ಜಾಣತನವೆಂದೂ ಅವರು ಉಪಕಾರ ಮಾಡುವವರಂತೆ ತಿಳಿಸಿದರು.

ವೇಗವಾಗಿ ಓಡುವ ಕುದುರೆಗಳ ಶ್ವಾಸಕೋಶದಲ್ಲಿ ರಕ್ತ ಒಸರುವುದುಂಟು. ಲಾಸಿಕ್ಸ್ ಅದನ್ನು ತಗ್ಗಿಸುತ್ತದೆ ಎಂಬುದು ಸುಳ್ಳಲ್ಲ. ಆದರೆ ರೇಸಿಗೆ ಸುಮಾರು ನಾಲ್ಕು ಗಂಟೆ ಮೊದಲು ರಕ್ತನಾಳಕ್ಕೆ ಚುಚ್ಚುವ ಈ ಮದ್ದು ಮೈಯ ನೀರನ್ನು ಹೊರಹಾಕಿ, ಹತ್ತು ಕಿಲೋದಷ್ಟು ತೂಕವನ್ನೂ ಇಳಿಸುತ್ತದೆ. ರೋಗವಿರುವ ಕುದುರೆಗೆಂದು ಒಂದೊಂದೇ ರಾಜ್ಯ ಕೊಟ್ಟ ಅನುಮತಿ, 1995ರಲ್ಲಿ ನ್ಯೂಯಾರ್ಕ್ ಕೂಡ ಒಪ್ಪಿಕೊಂಡ ಮೇಲೆ, ರೋಗವಿರಲಿ ಇಲ್ಲದಿರಲಿ ಎಲ್ಲ ಕುದುರೆಗಳಿಗೂ ಸಲ್ಲುವ ರೂಢಿಯಾಯಿತು. ಬ್ರಿಟಿಷರ ಪದ್ಧತಿಯನ್ನೇ ಅನುಸರಿಸಿಕೊಂಡು ಬಂದಿರುವ ಬೆಂಗಳೂರು, ಮೈಸೂರುಗಳ ರೇಸಿನಲ್ಲಿ ಓಟದ ದಿನ ಕುದುರೆಯ ಮೈಯಲ್ಲಿ ಮದ್ದು ಇರಕೂಡದು. ಮದ್ದು ಬೇಕಾಗುವಷ್ಟು ಕಾಯಿಲೆಯಿದ್ದರೆ ಕುದುರೆ ಲಾಯದಲ್ಲೇ ಇರಲಿ ಎಂಬ ಆ ಸರಳ ನಿಲುವೇ ಸರಿಯೆಂದು ನನಗೆ ಈಗಲೂ ಅನಿಸುತ್ತದೆ.

ಹಾಗೆಂದು ನಿಯಮ ಬಿಗಿಯಾದಷ್ಟಕ್ಕೆ ಹೊಣೆಯ ಪ್ರಶ್ನೆ ಬಗೆಹರಿಯುವುದಿಲ್ಲ. ಪರೀಕ್ಷೆಗೆಂದು ತೆಗೆದ ಕುದುರೆಯ ರಕ್ತ, ಮೂತ್ರದ ಮಾದರಿಯಲ್ಲಿ ಮದ್ದು ಸಿಕ್ಕರೆ, ಕೊಟ್ಟವರು ಯಾರೇ ಆಗಿರಲಿ, ಉತ್ತರ ಹೇಳಬೇಕಾದವನು ಟ್ರೇನರ್ ಎಂಬುದು ಅಮೆರಿಕದ ರೇಸಿನ ಹಳೆಯ ಕಟ್ಟಳೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು ಎಂದು ಟ್ರೇನರ್‌ಗಳು ದೂರುತ್ತಾರಾದರೂ, ಈ ಕಟ್ಟಳೆ ಇಲ್ಲದಿದ್ದರೆ ಲಾಯದ ಆಳಿನಿಂದ ಮಾಲೀಕನವರೆಗೆ ಎಲ್ಲರೂ ‘ನನಗೆ ಗೊತ್ತಿರಲಿಲ್ಲ’ ಎಂದು ಕೈ ತೊಳೆದುಕೊಳ್ಳುತ್ತಾರೆ. ನನ್ನ ತಕರಾರು ಟ್ರೇನರನನ್ನು ಹಿಡಿಯುವುದರ ಬಗ್ಗೆ ಅಲ್ಲ, ಅವನೊಬ್ಬನನ್ನೇ ಹಿಡಿದು ಸುಮ್ಮನಾಗುವುದರ ಬಗ್ಗೆ.

ಇಲ್ಲಿಂದ ಒಂದೂವರೆ ಗಂಟೆಯ ದಾರಿಯ ಲೂಯಿವಿಲ್ಲಿನಲ್ಲಿ, ಚರ್ಚಿಲ್ ಡೌನ್ಸ್ ಮೈದಾನದಲ್ಲಿ ನಡೆಯುವ ಕೆಂಟಕಿ ಡರ್ಬಿ ಎಂಬ ಹೆಸರಾಂತ ಓಟದಲ್ಲಿ ಇದು ಎರಡು ಸಲ ಎದ್ದು ಕಂಡಿತು. 1968ರಲ್ಲಿ ಮೊದಲು ಗುರಿ ಮುಟ್ಟಿದ ಡ್ಯಾನ್ಸರ್ಸ್ ಇಮೇಜ್ ಎಂಬ ಕುದುರೆಯಲ್ಲಿ ಫಿನೈಲ್‌ಬ್ಯೂಟಜೋನ್ ಎಂಬ ನೋವಿನ ಮದ್ದು ಸಿಕ್ಕಿತು. ಗೆಲುವಿನ ಹಣ ಎರಡನೆಯದಾಗಿ ಬಂದ ಫಾರ್ವರ್ಡ್ ಪಾಸ್‌ಗೆ ಹೋಯಿತು; ಮಾಲೀಕರು ವರ್ಷಗಟ್ಟಲೆ ಕೋರ್ಟು ಹತ್ತಿ ಇಳಿದರು. ಆದರೆ ಕೆಲವೇ ವರ್ಷಗಳಲ್ಲಿ ಅದೇ ಮದ್ದಿಗೆ ಅದೇ ಕೆಂಟಕಿಯಲ್ಲಿ ಅನುಮತಿ ಸಿಕ್ಕಿತು! 2021ರಲ್ಲಿ ಗೆದ್ದ ಮೆಡಿನಾ ಸ್ಪಿರಿಟ್‌ನ ಒಂದು ಮಿಲಿಲೀಟರ್ ರಕ್ತದಲ್ಲಿ 21 ಪಿಕೋಗ್ರಾಂ ಬೀಟಾಮೆಥಾಸೋನ್ ಎಂಬ ಊತ ಇಳಿಸುವ ಮದ್ದು ಸಿಕ್ಕಿತು. ಒಂದು ಗ್ರಾಂ ಅನ್ನು ಲಕ್ಷ ಕೋಟಿಯಲ್ಲಿ ಭಾಗಿಸಿದರೆ ಸಿಗುವುದು ಒಂದು ಪಿಕೋಗ್ರಾಂ. ಟ್ರೇನರ್ ಬಾಬ್ ಬ್ಯಾಫರ್ಟ್ ಮೊದಲು ಆ ಮದ್ದನ್ನು ಕೊಟ್ಟೇ ಇಲ್ಲವೆಂದರು; ಕೆಲವೇ ದಿನಗಳಲ್ಲಿ, ಚರ್ಮದ ತುರಿಕೆಗೆ ಪಶುವೈದ್ಯರು ಹೇಳಿದ ಮುಲಾಮಿನಲ್ಲಿ ಅದು ಇತ್ತೆಂದರು. 2022ರ ಫೆಬ್ರುವರಿಯಲ್ಲಿ ಗೆಲುವು ರದ್ದಾಗಿ, ಎರಡನೆಯದಾಗಿ ಬಂದಿದ್ದ ಮ್ಯಾಂಡಲೂನ್ ವಿಜೇತನೆನಿಸಿತು. ಬ್ಯಾಫರ್ಟ್‌ಗೆ 90 ದಿನಗಳ ಅಮಾನತು ಮತ್ತು 7,500 ಡಾಲರ್ ದಂಡ ಬಿತ್ತು. ಅಷ್ಟರಲ್ಲಿ ಮೆಡಿನಾ ಸ್ಪಿರಿಟ್ 2021ರ ಡಿಸೆಂಬರಿನಲ್ಲೇ ಸಾಂಟಾ ಅನೀಟಾ ಮೈದಾನದಲ್ಲಿ ಬೆಳಗಿನ ತಾಲೀಮಿನ ಬಳಿಕ ಕುಸಿದು ಸತ್ತಿತ್ತು. ಮ್ಯಾಂಡಲೂನ್ ಗೆಲ್ಲುತ್ತದೆಂದು ಹಣ ಕಟ್ಟಿದ್ದವರಿಗೆ, ಓಟದ ದಿನದ ಫಲಿತಾಂಶವೇ ಬಾಜಿಗೆ ಅಂತಿಮವಾದ ಕಾರಣ, ಆ ಗೆಲುವಿನ ಬಿಡಿಗಾಸೂ ಸಿಗಲಿಲ್ಲ.

ಮುಲಾಮು ಬರೆದುಕೊಟ್ಟವರು, ಹಚ್ಚಿದವರು, ಕುದುರೆಯ ಖರ್ಚಿಗೆಲ್ಲ ದುಡ್ಡು ಕೊಟ್ಟವರು ಈ ಕಥೆಯ ಅಂಚಿನಲ್ಲೇ ಉಳಿದರು. ಟ್ರೇನರನನ್ನು ದಾಟಿ ಹೊಣೆ ಮುಂದೆ ಹೋದದ್ದು ಕ್ರಿಮಿನಲ್ ನ್ಯಾಯಾಲಯದಲ್ಲಿ. ಬೇರೊಂದು ಪ್ರಕರಣದಲ್ಲಿ, ಕುದುರೆಗಳಿಗೆ ಕಳ್ಳಮದ್ದು ಕೊಟ್ಟ ಆರೋಪದ ಮೇಲೆ, 2020ರ ಮಾರ್ಚಿನಲ್ಲಿ ಫೆಡರಲ್ ಸರ್ಕಾರ ಇಪ್ಪತ್ತಕ್ಕೂ ಹೆಚ್ಚು ಮಂದಿಯ ಮೇಲೆ ಮೊಕದ್ದಮೆ ಹೂಡಿತು. ಟ್ರೇನರ್ ಹೋರ್ಹೆ ನವಾರೊಗೆ ಐದು ವರ್ಷ ಜೈಲಾದರೆ, ಪರೀಕ್ಷೆಯಲ್ಲಿ ಸಿಕ್ಕಿಬೀಳದಂಥ ಮದ್ದು ತಯಾರಿಸಿ ಮಾರಿದ ಪಶುವೈದ್ಯ ಸೇಥ್ ಫಿಶ್‌ಮನ್‌ಗೆ ಹನ್ನೊಂದು ವರ್ಷ ಶಿಕ್ಷೆಯಾಯಿತು. ಹೊಣೆಯ ತೂಕ ಎಲ್ಲಿ ಎಷ್ಟೆಂಬುದನ್ನು ರೇಸಿನವರಿಗಿಂತ ನ್ಯಾಯಾಧೀಶರೇ ಸರಿಯಾಗಿ ಅಳೆದರೆಂದು ನನ್ನ ಭಾವನೆ.

ಇಷ್ಟೆಲ್ಲ ಹೇಳಿದ ಮೇಲೆ ಅಮೆರಿಕನ್ನರಿಗೆ ಸಲ್ಲಬೇಕಾದುದನ್ನೂ ಸಲ್ಲಿಸಬೇಕು. ರಾಜ್ಯಕ್ಕೊಂದು ನಿಯಮವಿದ್ದ ಕಾಲಕ್ಕೆ ಕೊನೆ ಹಾಡಲು 2020ರ ಡಿಸೆಂಬರಿನಲ್ಲಿ ಕಾಯ್ದೆ ಬಂತು; ಅದರಡಿ ಹುಟ್ಟಿದ, ಇಲ್ಲಿನವರು ‘ಹೈಸಾ’ ಎಂದು ಕರೆಯುವ ಪ್ರಾಧಿಕಾರ 2023ರ ಮೇ ತಿಂಗಳಿನಿಂದ ಮದ್ದಿನ ನಿಯಮಗಳನ್ನು ಜಾರಿಗೆ ತಂದಿತು. ಎಂದೂ ಕೊಡಬಾರದ ಮದ್ದು ಬೇರೆ, ಚಿಕಿತ್ಸೆಗೆ ಕೊಟ್ಟರೂ ಓಟದ ಹೊತ್ತಿಗೆ ಮೈಯಲ್ಲಿ ಉಳಿಯಬಾರದ ಮದ್ದು ಬೇರೆ ಎಂದು ಅದು ವಿಂಗಡಿಸಿತು. ಎರಡು ವರ್ಷದ ಕುದುರೆಗಳ ಓಟಗಳಲ್ಲೂ ದೊಡ್ಡ ಪ್ರಶಸ್ತಿಯ ಓಟಗಳಲ್ಲೂ ಲಾಸಿಕ್ಸ್ ನಿಂತಿತು; ಉಳಿದವುಗಳಿಗೆ ಅಧ್ಯಯನದ ಷರತ್ತಿನ ಮೇಲೆ ವಿನಾಯಿತಿ ಇಟ್ಟರು. ಕೆಲವು ರಾಜ್ಯಗಳು ಇದರ ವಿರುದ್ಧ ಕೋರ್ಟಿಗೆ ಹೋದದ್ದೂ ಉಂಟು. ಹೇಗೂ, ರೇಸಿನ ನಂಟಿರುವವರೇ ರೇಸಿನ ತಪ್ಪನ್ನೂ ವಿಚಾರಿಸುವ ಪದ್ಧತಿಯಿಂದ ಅವರು ಒಂದು ಹೆಜ್ಜೆ ಈಚೆಗೆ ಬಂದಿದ್ದಾರೆ.

ನಮ್ಮ ಬೆಂಗಳೂರಿನಲ್ಲಿ ಆ ಹೆಜ್ಜೆ ಇನ್ನೂ ಬಾಕಿಯಿದೆ. ಓಟ ನಡೆಸುವುದು, ಬಾಜಿಯ ಪಾಲು ಪಡೆಯುವುದು, ಮಾದರಿ ತೆಗೆಸುವುದು, ಸ್ಟೀವರ್ಡ್‌ಗಳನ್ನು ಕೂರಿಸಿ ತೀರ್ಪು ಕೊಡಿಸುವುದು ಎಲ್ಲವೂ ಒಂದೇ ಕ್ಲಬ್ಬಿನ ಸೂರಿನಡಿ ನಡೆಯುತ್ತವೆ. 2017ರಲ್ಲಿ ಕ್ವೀನ್ ಲತೀಫಾ ಎಂಬ ಕುದುರೆಯ ಮಾದರಿಯಲ್ಲಿ ಪ್ರೊಕೇನ್ ಎಂಬ ಮರಗಟ್ಟಿಸುವ ಮದ್ದು ಕಂಡುಬಂದಾಗ, ವಿಷಯ ಕ್ಲಬ್ಬಿನ ಅಂಗಳ ದಾಟಿ ಪೊಲೀಸರವರೆಗೆ ಹೋದದ್ದನ್ನು ನಾನು ಇಲ್ಲಿ ಕುಳಿತು ಓದಿದ್ದೆ. ಒಬ್ಬರ ಬಳಿ ಒಳ್ಳೆಯ ನಿಯಮವಿದೆ, ಇನ್ನೊಬ್ಬರ ಬಳಿ ಬೇರೆಯಾಗಿ ನಿಂತ ವಿಚಾರಣೆಯಿದೆ. ಎರಡೂ ಒಂದೇ ಮೈದಾನದಲ್ಲಿ ಇರುವುದನ್ನು ಈ ಎರಡು ಊರುಗಳಲ್ಲಂತೂ ನಾನು ಕಾಣಲಿಲ್ಲ.

ಕೀನ್‌ಲ್ಯಾಂಡಿನ ಬೆಳಗಿನ ತಾಲೀಮನ್ನು ಯಾರು ಬೇಕಾದರೂ ಬೇಲಿಯ ಬಳಿ ನಿಂತು ನೋಡಬಹುದು. ಓಡಿ ಬಂದ ಕುದುರೆಯ ಮೈಯಿಂದ ಹಬೆ ಏಳುತ್ತಿರುತ್ತದೆ. ಹಿಡಿದು ನಡೆಸುವ ಹುಡುಗ ಅದರ ಮುಂಗಾಲನ್ನು ಅಂಗೈಯಿಂದ ಸವರಿ ಬಿಸಿಯಿದೆಯೇ ಎಂದು ನೋಡುತ್ತಾನೆ. ಆ ಬಿಸಿಯನ್ನು ಮೊದಲು ತಿಳಿಯುವವನು ಅವನು, ಆಮೇಲೆ ಟ್ರೇನರ್, ಆಮೇಲೆ ಪಶುವೈದ್ಯ. ಈಗ ಪಶುವೈದ್ಯರು ಕೊಟ್ಟ ಚಿಕಿತ್ಸೆಯ ವಿವರಗಳು ಪ್ರಾಧಿಕಾರಕ್ಕೆ ಹೋಗುತ್ತವೆ. ಆದರೆ ಹಣ ಕಟ್ಟುವವನ ಕೈಯಲ್ಲಿರುವ ಪುಸ್ತಕದಲ್ಲಿ ಮಾಲೀಕ, ಟ್ರೇನರ್, ಜಾಕಿಯರ ಹೆಸರುಗಳಿವೆ, ಪಶುವೈದ್ಯರದಿಲ್ಲ. ಅವುಗಳ ಜೊತೆಗೆ ಪಶುವೈದ್ಯರ ಹೆಸರನ್ನೂ ಅಚ್ಚು ಹಾಕಬೇಕೆಂದು ಮೈದಾನದವರಿಗೆ ಒಂದು ಪತ್ರ ಬರೆದಿದ್ದೇನೆ. ಅದೇ ಪತ್ರದ ಒಂದು ಪ್ರತಿಯನ್ನು ಬೆಂಗಳೂರಿಗೂ ಕಳಿಸಿದ್ದೇನೆ.