ಮೂರನೇದಕ್ಕೆ ಹಸು ಫ್ರೀ

ನಮ್ಮೂರಿನ ಹಳೇ ಆರೋಗ್ಯ ಉಪಕೇಂದ್ರದ ಗೋಡೆ ಮೇಲೆ ಇವತ್ತಿಗೂ ಕುಟುಂಬ ಯೋಜನೆಯ ಒಂದು ಕೆಂಪು ತ್ರಿಕೋನ ಇದೆ. ಅದರ ಕೆಳಗೆ 'ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ' ಅಂತ ಬರೆದಿದ್ದರು. ಸುಣ್ಣ ಉದುರಿ ಈಗ ಕೀರ್ತಿಯ ಭಾಗ ಮಾತ್ರ ಉಳಿದಿದೆ. ಆರತಿಯೂ ಇಲ್ಲ, ಮಗಳೂ ಇಲ್ಲ. ಇದರಲ್ಲಿ ಬೇರೆ ಅರ್ಥ ಹುಡುಕಬೇಡಿ. ಹುಡುಕಿದರೂ ತಪ್ಪಿಲ್ಲ.

ಆ ಗೋಡೆಗೆ ಮತ್ತೆ ಬಣ್ಣ ಹೊಡೆಸುವ ಕಾಲ ಬಂದ ಹಾಗಿದೆ. ಬರೆಯಬೇಕಾದ್ದು ಮಾತ್ರ ಉಲ್ಟಾ.

2024ರ ಅಕ್ಟೋಬರ್‌ನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ತಮ್ಮ ರಾಜ್ಯದಲ್ಲಿ ಮುದುಕರೇ ಜಾಸ್ತಿಯಾಗುತ್ತಿದ್ದಾರೆ ಅನ್ನಿಸಿತು. ಜನ ಹೆಚ್ಚು ಮಕ್ಕಳನ್ನು ಹೆರಲಿ ಎಂದರು. ಒಂದೆರಡು ದಿನಕ್ಕೆ ತಮಿಳುನಾಡಿನ ಎಂ.ಕೆ. ಸ್ಟಾಲಿನ್ ಸಾಮೂಹಿಕ ಮದುವೆಯೊಂದರಲ್ಲಿ ನಿಂತು, ಹದಿನಾರು ಬಗೆಯ ಸಂಪತ್ತು ಸಿಗಲಿ ಅನ್ನುವ ಹಳೇ ಹಾರೈಕೆ ನೆನೆದು, ಹದಿನಾರು ಮಕ್ಕಳನ್ನೇ ಯಾಕೆ ಹೆರಬಾರದು ಎಂದರು. ತಮಾಷೆಗೇ ಅಂದಿದ್ದು, ಸರಿ. ಆದರೆ ಹಾರ ಹಾಕಿಕೊಂಡು ಎದುರಿಗೆ ಕೂತಿದ್ದ ಮದುಮಗಳಿಗೆ ಎಷ್ಟು ನಗು ಬಂತೋ ಗೊತ್ತಿಲ್ಲ.

ಆಂಧ್ರದಲ್ಲಿ 1994ರಿಂದ ಒಂದು ಕಾನೂನಿತ್ತು. ಎರಡಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಪಂಚಾಯ್ತಿ ಚುನಾವಣೆಗೆ ನಿಲ್ಲುವ ಹಾಗಿಲ್ಲ. 2024ರ ನವೆಂಬರ್‌ನಲ್ಲಿ ಅದನ್ನು ತೆಗೆದು ಹಾಕಿದರು. ಇನ್ನೂ ಚೆಂದದ್ದು ಕೇಳಿ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಮಾತ್ರ ನಿಲ್ಲುವ ಹಾಗೆ ಕಾನೂನು ಮಾಡಿದರೆ ಹೇಗೆ ಅಂತಲೂ ನಾಯ್ಡು ಯೋಚಿಸಿದ್ದರು. ಮೂವತ್ತು ವರ್ಷ ಮೂರನೇ ಮಗುವನ್ನು ನೆಂಟರ ಮನೆಯಲ್ಲಿ ಬಚ್ಚಿಟ್ಟವರು, ಇನ್ನು ಮೇಲೆ ನೆಂಟರ ಮನೆಯಿಂದ ಒಂದು ಮಗುವನ್ನು ಕಡ ತರಬೇಕಾಗಿತ್ತು.

2025ರ ಮಾರ್ಚ್‌ನಲ್ಲಿ ಅವರದೇ ಪಕ್ಷದ ವಿಜಯನಗರಂ ಸಂಸದರು ಆಫರ್ ಬಿಟ್ಟರು. ಮೂರನೇ ಮಗು ಹೆಣ್ಣಾದರೆ 50,000 ರೂಪಾಯಿ. ಗಂಡಾದರೆ ಒಂದು ಹಸು.

ಪಾಪ, ಒಂದು ಸಣ್ಣ ತೊಡಕಿದೆ. ಹೆರಬೇಕಾದವರಲ್ಲಿ ಬಹಳ ಜನರಿಗೆ ಆಪರೇಷನ್ ಆಗಿಹೋಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಆಂಧ್ರದಲ್ಲಿ 15ರಿಂದ 49 ವಯಸ್ಸಿನ ಮದುವೆಯಾದ 100 ಹೆಂಗಸರಲ್ಲಿ ಸುಮಾರು 70 ಜನರಿಗೆ. ನಮ್ಮ ಕರ್ನಾಟಕದಲ್ಲಿ 57. ಗಂಡಸರದ್ದು ಎಷ್ಟು ಅಂತೀರಾ? ನಮ್ಮಲ್ಲಿ ಸೊನ್ನೆ, ಅದರ ಮುಂದೆ ಒಂದು ಚುಕ್ಕಿ, ಮತ್ತೆ ಸೊನ್ನೆ. ಬೇಡ ಅಂದಾಗ ಹೊಟ್ಟೆ ಕೊಯ್ಯಿಸಿಕೊಂಡವಳೂ ಅವಳೇ, ಬೇಕು ಅಂದಾಗ ಹೊರಬೇಕಾದವಳೂ ಅವಳೇ. ಮೈಕ್ ಮಾತ್ರ ಎರಡು ಸಲವೂ ಗಂಡಸರ ಕೈಲಿ.

ನಾವು ಈ ವಿಷಯದಲ್ಲಿ ಎಲ್ಲರಿಗಿಂತ ಮುಂದೆ. ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣಕ್ಕೆ ಸರಕಾರಿ ಕ್ಲಿನಿಕ್ ತೆರೆದಿತ್ತು. ದೇಶದ ಕುಟುಂಬ ಯೋಜನೆ ಶುರುವಾಗಿದ್ದು 1952ರಲ್ಲಿ. ಹೇಳಿದ ಮಾತು ಕೇಳಿದೆವು. ಒಬ್ಬ ಹೆಂಗಸಿಗೆ ಸರಾಸರಿ 2.1 ಮಕ್ಕಳಾದರೆ ಜನಸಂಖ್ಯೆ ಇದ್ದ ಹಾಗೇ ಇರುತ್ತೆ ಅಂತಾರೆ. ಅದೇ ಸಮೀಕ್ಷೆ ಹೊತ್ತಿಗೆ ನಾವು 1.7ಕ್ಕೆ ಇಳಿದಿದ್ದೆವು. ಬಿಹಾರದಲ್ಲಿ 3 ಇತ್ತು. ಲೋಕಸಭೆಯ ಸೀಟುಗಳನ್ನು ರಾಜ್ಯಗಳಿಗೆ ಜನಸಂಖ್ಯೆ ನೋಡಿ ಹಂಚುತ್ತಾರೆ, ಆ ಹಂಚಿಕೆ 1971ರ ಜನಗಣತಿ ಮೇಲೆ ನಿಂತಿದೆ. ಜನ ಕಡಿಮೆ ಮಾಡಿದವರಿಗೆ ಮೋಸ ಆಗಬಾರದು ಅಂತ 1976ರಲ್ಲಿ ಅದಕ್ಕೆ ಬೀಗ ಹಾಕಿದ್ದರು. ಆ ಬೀಗದ ಅವಧಿ ಮುಗಿಯುತ್ತಾ ಬಂದಿದ್ದೇ ನಮ್ಮ ನಾಯಕರಿಗೆ ತೊಟ್ಟಿಲ ನೆನಪಾಯಿತು. ಇನ್ನು ಹೆರಿಗೆ ವಾರ್ಡಿನಲ್ಲಿ ನರ್ಸಮ್ಮ ಗಂಡು, ಹೆಣ್ಣು ಅನ್ನೋದಿಲ್ಲ. "ಒಂದು ಎಂಪಿ ಸೀಟಿನ ಇಪ್ಪತ್ತೆರಡು ಲಕ್ಷ ಜನರಲ್ಲಿ ಒಂದು ಪಾಲು ಹುಟ್ಟಿದೆ, ಸಕ್ಕರೆ ಹಂಚಿ" ಅಂತಾರೆ.

ಮುದುಕರ ಲೆಕ್ಕ ಸುಳ್ಳಲ್ಲ. ದುಡಿಯುವವರು ಕಡಿಮೆಯಾಗಿ ಕೂತು ಉಣ್ಣುವವರು ಜಾಸ್ತಿಯಾದರೆ ಮನೆಯೂ ನಡೆಯಲ್ಲ, ರಾಜ್ಯವೂ ನಡೆಯಲ್ಲ. ಆದರೆ ಮಗು ನಾಳೆ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಲ್ಲ ಅಲ್ವಾ? 2026ರಲ್ಲಿ ಹುಟ್ಟಿದ್ದು ಡಿಗ್ರಿ ಮುಗಿಸಿ ಕೈಗೆ ಬರೋದು 2047ಕ್ಕೆ. ಅಲ್ಲಿವರೆಗೆ ಅದೂ ಕೂತು ಉಣ್ಣುವ ಸಾಲಿನಲ್ಲೇ. ಆ ಕಡೆ ಮಾವನ ಬಿಪಿ ಮಾತ್ರೆ, ಈ ಕಡೆ ಮಗುವಿನ ಎಲ್‌ಕೆಜಿ ಫೀಸು, ನಡುವೆ ಸೊಸೆಯ ಒಂದೇ ಸಂಬಳ.

ಇನ್ನು ಈಗಾಗಲೇ ಹುಟ್ಟಿರುವವರು? 15ರಿಂದ 64ರವರೆಗೆ ದುಡಿಯುವ ವಯಸ್ಸು ಅಂತ ಅರ್ಥಶಾಸ್ತ್ರದವರ ಲೆಕ್ಕ. ಆ ಲೆಕ್ಕದಲ್ಲಿ ನಮ್ಮ ಬೀದಿಯ ಹುಡುಗ ದೇಶದ ಆಸ್ತಿ. ಆರು ವರ್ಷದಿಂದ ಎಫ್‌ಡಿಎ, ಎಸ್‌ಡಿಎ, ಪಿಡಿಒ ಅಂತ ಸರಕಾರಿ ಕೆಲಸದ ಪರೀಕ್ಷೆ ಬರೀತಾ ಇದ್ದಾನೆ. ಮೂವತ್ತು ದಾಟಿದೆ, ಕೆಲಸ ಇಲ್ಲ ಅಂತ ಹೆಣ್ಣೂ ಸಿಗುತ್ತಿಲ್ಲ. ಅವನ ಮೂರನೇ ಮಗುವಿಗಾಗಿ ಸರಕಾರ ಕಾಯುತ್ತಿದೆ.

ಮುದುಕರ ಮೇಲಿನ ಕಾಳಜಿಯೂ ಅಷ್ಟಕ್ಕಷ್ಟೇ. 60 ದಾಟಿದ ಬಡವರ ಪಿಂಚಣಿಗೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2007ರಿಂದ ಅಷ್ಟೇ. 80 ದಾಟಿದರೆ 500. ಅಲ್ಲಿವರೆಗೆ ಬದುಕಿರೋದು ನಿಮ್ಮ ಜವಾಬ್ದಾರಿ.

ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿದೆ. ಅವರ ಅಮ್ಮ, ಅಂದರೆ ನಮ್ಮಜ್ಜಿ, ಹೆತ್ತಿದ್ದು ಎಂಟು. ಚಿಕ್ಕಮ್ಮನಿಗೆ ಇಬ್ಬರು, ಮಗಳಿಗೆ ಒಂದೇ ಹೆಣ್ಣು. ಮುಂದೆ ಆ ಮೊಮ್ಮಗಳು ಮನಸ್ಸು ಮಾಡಿ ಮೂರು ಹೆತ್ತರೂ ಒಟ್ಟು ಮೂರೇ. ಎರಡೇ ಸಾಕು ಅಂತ ಸಾರಿದ ಕಾಲದಲ್ಲೂ ಜನ ಹೆಚ್ಚುತ್ತಲೇ ಇದ್ದರು, ಯಾಕಂದರೆ ಹೆರುವ ವಯಸ್ಸಿನ ಹುಡುಗಿಯರು ಮನೆ ತುಂಬಾ ಇದ್ದರು. ಈಗ ಹೆರಿ ಅಂತ ಸಾರಿದರೂ ಹೆರುವವರೇ ಕಡಿಮೆ.

ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡರು.

"ಹಸು ನಿಜವಾಗ್ಲೂ ಕೊಡ್ತಾರೇನೋ?"

"ಆಂಧ್ರದಲ್ಲಿ ಕೊಡ್ತೀನಿ ಅಂದಿದ್ದಾರೆ, ಚಿಕ್ಕಮ್ಮ."

"ನನ್ ಮಗಳಿರೋದು ಬೆಂಗ್ಳೂರಲ್ಲಿ, ಮೂರನೇ ಮಹಡಿ. ಲಿಫ್ಟಲ್ಲಿ ಹತ್ತುತ್ತಾ?"

ಆಮೇಲೆ ಏನೋ ನೆನಪಾಗಿ ಬಚ್ಚಲಮನೆ ಕಡೆ ಕೈ ತೋರಿಸಿದರು. "ನಂಗೆ ಆಪರೇಷನ್ ಮಾಡ್ಸಿದಾಗ ಒಂದು ಬಕೆಟ್ ಕೊಟ್ಟಿದ್ರು. ಇನ್ನೂ ಗಟ್ಟಿಯಾಗಿದೆ. ಹಸು ಬಂದ್ರೆ ಹೇಳು, ಹಾಲು ಕರೆಯೋಕಾಗುತ್ತೆ."