ಬಾಯಿಪಾಠದ ಇಂಗ್ಲಿಷ್ ಭಾಷಣಕ್ಕೆ ಬಹುಮಾನ ಕೊಡೋದು ಬಿಡೋಣ

ಆಗಸ್ಟ್ 15 ಬಂತು ಅಂದ್ರೆ ನಮ್ಮ ಗಂಗಾವತಿ ಕಡೆ ಶಾಲೆಗಳಲ್ಲಿ ಒಂದೇ ಇಂಗ್ಲಿಷ್ ಭಾಷಣ. ‘ರೆಸ್ಪೆಕ್ಟೆಡ್ ಚೀಫ್ ಗೆಸ್ಟ್, ಟೀಚರ್ಸ್ ಅಂಡ್ ಮೈ ಡಿಯರ್ ಫ್ರೆಂಡ್ಸ್’ ಅಂತ ಉಸಿರು ಬಿಡದೆ ಶುರು ಮಾಡಿದ ಮಗು, ನಡುವೆ ಒಂದು ಸಾಲು ಮರೆತರೆ ಅಲ್ಲೇ ಗಪ್ಪಾಗಿ ನಿಂತುಬಿಡುತ್ತದೆ. ಪಾಪ, ಸ್ಟೇಜ್ ಭಯ ಅಂತಾರೆ ಎಲ್ಲರೂ. ಇದೇ ಮಕ್ಕಳು ರಾತ್ರಿಯಿಡೀ ಬಯಲಾಟ ನೋಡಿ ಬಂದು ಮರುದಿನ ಓಣಿಯಲ್ಲಿ ರಾವಣನಾಗಿ ಅಬ್ಬರಿಸುತ್ತಾರೆ. ಮಾತು ಮರೆತರೆ ತಮ್ಮದೇ ಒಂದು ಸೇರಿಸುತ್ತಾರೆ, ಯಾಕಂದ್ರೆ ರಾವಣ ಏನು ಹೇಳ್ತಿದ್ದಾನೆ ಅಂತ ಅವರಿಗೆ ಗೊತ್ತು. ಇಂಗ್ಲಿಷ್ ಭಾಷಣದಲ್ಲಿ ತಾವೇ ಏನು ಹೇಳ್ತಿದ್ದೇವೆ ಅನ್ನೋದು ಗೊತ್ತಿಲ್ಲ.

ತೊಡಕು ಇರೋದು ಓದಿನಲ್ಲಿ ಅಂತ ನನ್ನ ಲೆಕ್ಕ. ಏಳನೇ ಕ್ಲಾಸಿನ ನನ್ನ ತಂಗಿಯ ಮಗ ಇಂಗ್ಲಿಷ್ ಪಾಠವನ್ನು ಗಳಗಳ ಓದಿದ. ಬಾಯಿ ಮೂರನೇ ಸಾಲಿನಲ್ಲಿತ್ತು, ಬೆರಳು ಐದನೆಯದರಲ್ಲಿ! ಕೆಳಗಿನ ಸಾಲು ಒಂದೇ ಓದು ಅಂದೆ. ‘ಮಾಮಾ, ಮ್ಯಾಲಿಂದ ಓದ್ತೀನಿ, ನಡುವ ಬರಂಗಿಲ್ಲ’ ಅಂದ. ಕ್ಲಾಸಿನಲ್ಲಿ ಟೀಚರ್ ಒಂದು ಸಾಲು ಹೇಳ್ತಾರೆ, ಎಲ್ಲರೂ ಕೂಗ್ತಾರೆ, ಕಿವಿಗೆ ಪಾಠ ಬರುತ್ತದೆ, ಕಣ್ಣಿಗೆ ಬರೋದಿಲ್ಲ.

ಮಕ್ಕಳದೇನೂ ತಪ್ಪಿಲ್ಲ ಬಿಡಿ. ಕನ್ನಡದಲ್ಲಿ ಬರೆದಂತೆ ಓದಿದರೆ ಹೆಚ್ಚುಕಡಿಮೆ ಆಯ್ತು. ಇಂಗ್ಲಿಷ್‌ನಲ್ಲಿ 26 ಅಕ್ಷರಕ್ಕೆ ಸುಮಾರು 44 ಧ್ವನಿ. ಅದೇ ಒ-ಯು-ಜಿ-ಎಚ್ ‘ಥ್ರೂ’ದಲ್ಲಿ ಒಂದು ಥರ, ‘ರಫ್’ನಲ್ಲಿ ಇನ್ನೊಂದು ಥರ. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ, ಆದರೆ ಎಸ್ಸೆಸ್ಸೆಲ್ಸಿಗೆ ಬಂದರೆ ನೂರರಲ್ಲಿ 80 ಅಂಕ ಬರವಣಿಗೆಗೆ. ಇನ್ನು ಮಾತಾಡಿಸೋಕೆ ಯಾರಿಗೆ ಪುರಸೊತ್ತು?

ದಿನಾ ಹತ್ತು ನಿಮಿಷ ಸಾಕು. ಪಾಠಪುಸ್ತಕ ಬೇಡ, ಗೊತ್ತಿಲ್ಲದ ಚಿಕ್ಕ ಕಥೆ ಕೊಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್‌ನಲ್ಲಿ ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಪುಕ್ಕಟೆ ಸಿಗುತ್ತವೆ, ಓದಿನ ಮಟ್ಟದ ಪ್ರಕಾರ ವಿಂಗಡಿಸಿಟ್ಟಿದ್ದಾರೆ. ಮೊದಲು ಕನ್ನಡದ್ದು ಓದಲಿ, ಆಮೇಲೆ ಇಂಗ್ಲಿಷ್‌ನದು, ಜೋರಾಗಿ, ಅರ್ಥ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಲ್ಲಿಸುತ್ತಾ. ಪುಸ್ತಕ ಮುಚ್ಚಿ ‘ಏನಾಯ್ತು ಹೇಳು’ ಅನ್ನಿ. ನಾಲ್ಕು ಇಂಗ್ಲಿಷ್ ಮಾತು, ಎರಡು ಕನ್ನಡ, ಹೆಂಗಾದರೂ ಹೇಳಲಿ. ಆಗಲೇ ವ್ಯಾಕರಣ ತಿದ್ದಲು ಹೋಗಬೇಡಿ, ಬಾಯಿ ಮುಚ್ಚಿಕೊಂಡುಬಿಡ್ತಾರೆ. ಮೊದಲು ಪಕ್ಕದ ಗೆಳತಿಗೆ, ಆಮೇಲೆ ಬೆಂಚಿಗೆ, ಆಮೇಲೆ ಕ್ಲಾಸಿಗೆ. ಸ್ಟೇಜು ಕೊನೆಗೆ. (‘ಇಸ್ಕೂಲ್’ ಅಂದರೆ ನಗುವ ದೊಡ್ಡವರನ್ನು ಮಾತ್ರ ಹೊರಗೆ ಕೂರಿಸಿ.)

ಮೂವತ್ತು ದಿನದಲ್ಲಿ ಇಂಗ್ಲಿಷ್ ಅನ್ನುವ ಕ್ಲಾಸುಗಳಿಗೆ ದುಡ್ಡು ಸುರಿಯುವವರಿಗೂ ಇದನ್ನೇ ಹೇಳ್ತೀನಿ. ಓದಲು ಬರದ ಮಗುವಿಗೆ ಅಲ್ಲಿ ಸಿಗೋದು ಇನ್ನೊಂದಿಷ್ಟು ಬಾಯಿಪಾಠ.

ಬರುವ ಜನವರಿ 26ಕ್ಕೆ ಮೇಷ್ಟ್ರುಗಳು ಒಂದು ಮಾಡಿ ನೋಡಿ: ಬರೆದ ಭಾಷಣ ಬೇಡ, ಚೀಟಿಯಲ್ಲಿ ಐದು ಪದ ಮಾತ್ರ, ಎರಡು ನಿಮಿಷ. ತೀರ್ಪುಗಾರರು ಕೊನೆಗೆ ಒಂದು ಪ್ರಶ್ನೆ ಕೇಳಲಿ, ಅದಕ್ಕೆ ಉತ್ತರ ಕೊಟ್ಟವರಿಗೆ ಬಹುಮಾನ. ಮಕ್ಕಳ ಹಳೇ ಇಂಗ್ಲಿಷ್ ಕಥೆಪುಸ್ತಕ ಮನೆಯಲ್ಲಿ ಧೂಳು ತಿನ್ನುತ್ತಿದ್ದರೆ ಹತ್ತಿರದ ಶಾಲೆಗೆ ಕೊಟ್ಟುಬಿಡಿ. ಗೈಡುಗಳು ಬೇಡ, ಅವು ಬೇಕಾದಷ್ಟಿವೆ.